ದೋಷವೂ ಮಿತಿಯೂ

1968ರ ನವೆಂಬರ್ 22ರಂದು ಇಂಗ್ಲೆಂಡಿನಲ್ಲಿ ಬೀಟಲ್ಸ್ ಮೇಳದವರು ಹೊರತಂದ, ಅಚ್ಚ ಬಿಳಿಯ ಹೊದಿಕೆಯ ಕಾರಣದಿಂದ ಜನರ ಬಾಯಲ್ಲಿ ‘ವೈಟ್ ಆಲ್ಬಮ್’ ಎಂದೇ ರೂಢಿಯಾದ, ಜೋಡಿ ತಟ್ಟೆಗಳ ಮುದ್ರಿಕೆಯಲ್ಲಿ 30 ಹಾಡುಗಳಿವೆ. ಅವುಗಳಲ್ಲಿ ಉಳಿಯತಕ್ಕವು ಯಾವುವು, ಅಳಿಯತಕ್ಕವು ಯಾವುವು ಎಂಬ ವ್ಯಾಜ್ಯವು ಅಂದು ಮೊದಲಾದದ್ದು ಇಂದಿಗೂ ತೀರ್ಮಾನವಾಗಿಲ್ಲ. ಮೇಳದ ಮುದ್ರಣಕಾರ್ಯವನ್ನು ಆದಿಯಿಂದಲೂ ನಡೆಸಿಕೊಂಡು ಬಂದ ಜಾರ್ಜ್ ಮಾರ್ಟಿನ್ನರೇ, ಸತ್ತ್ವವುಳ್ಳ ಹಾಡುಗಳನ್ನಷ್ಟೇ ಆರಿಸಿ ಎರಡು ತಟ್ಟೆಗಳನ್ನು ಒಂದಕ್ಕೆ ಇಳಿಸಿದ್ದರೆ ಲೇಸಾಗುತ್ತಿತ್ತೆಂಬ ಪಕ್ಷದವರಾಗಿದ್ದರು. ಅವರೇ ಹೀಗೆಂದ ಮೇಲೆ ರಸಿಕರು ಸುಮ್ಮನಿರುತ್ತಾರೆಯೆ? ಒಬ್ಬನು ಒಂದು ನಿಮಿಷವನ್ನೂ ತುಂಬದ ‘ವೈಲ್ಡ್ ಹನಿ ಪೈ’ಯನ್ನು ಕಿತ್ತುಹಾಕಬೇಕೆನ್ನುತ್ತಾನೆ; ಇನ್ನೊಬ್ಬನು 8 ನಿಮಿಷ 22 ಸೆಕೆಂಡುಗಳ ಕಾಲ ಟೇಪಿನ ತುಣುಕುಗಳನ್ನೂ ಕೂಗುಗಳನ್ನೂ ಹೆಣೆಯುತ್ತ, ಹಾಡೆಂಬುದರ ಸೋಂಕೇ ಇಲ್ಲದಂತೆ ಸಾಗುವ ‘ರೆವಲ್ಯೂಷನ್ 9’ ತೊಲಗಲಿ ಎನ್ನುತ್ತಾನೆ; ಮೂರನೆಯವನು, ಹಾಡಲು ಬೇರೆಯವರು ಇರುವಾಗ ಡ್ರಮ್ ಬಾರಿಸುವವನಿಗೆ ಈ ಉಸಾಬರಿ ಏಕೆ ಬೇಕಿತ್ತೆಂದು, ರಿಂಗೋ ಸ್ಟಾರ್ ತಾವೇ ಕಟ್ಟಿ ತಾವೇ ಹಾಡಿದ ‘ಡೋಂಟ್ ಪಾಸ್ ಮಿ ಬೈ’ಯ ಮೇಲೆ ಕತ್ತರಿಯಿಡುತ್ತಾನೆ.

ಮೇಲುನೋಟಕ್ಕೆ ಇದು ಬಿಡುವಿನ ವೇಳೆಯ ಹರಟೆ. ಆದರೆ ಈ ಹರಟೆಯ ತಳದಲ್ಲಿ ನಮ್ಮ ದರ್ಶನಕಾರರು ಶತಮಾನಗಳ ಕಾಲ ಕಾದಾಡಿದ ಪ್ರಶ್ನೆಯೊಂದು ಅಡಗಿದೆ. ಅವಯವಗಳಿಗಿಂತ ಬೇರೆಯಾಗಿ ಅವಯವಿಯೆಂಬುದೊಂದು ಉಂಟೆ? ಉಂಟೆಂದರು ನೈಯಾಯಿಕರು: ನೂಲುಗಳಿಂದ ಹುಟ್ಟಿದ ಬಟ್ಟೆಯು ನೂಲುಗಳ ರಾಶಿಯಲ್ಲ, ನೂಲುಗಳಲ್ಲಿ ಸಮವಾಯ ಸಂಬಂಧದಿಂದ ನೆಲಸಿರುವ ಹೊಸತೊಂದು ದ್ರವ್ಯ. ಇಲ್ಲವೆಂದರು ಬೌದ್ಧರು: ನಾಗಸೇನ ಭಿಕ್ಷುವು ಮಿಳಿಂದ ರಾಜನಿಗೆ ತೋರಿಸಿಕೊಟ್ಟಂತೆ, ಅಚ್ಚನ್ನೂ ಗಾಲಿಯನ್ನೂ ನೊಗವನ್ನೂ ಒಂದೊಂದಾಗಿ ಎತ್ತಿಟ್ಟ ಮೇಲೆ ರಥವೆಂಬುದು ಬರಿಯ ವ್ಯವಹಾರನಾಮವಾಗಿ ಉಳಿಯುತ್ತದೆ. ಆಲ್ಬಮ್ಮಿನ ವಿಷಯದಲ್ಲಿ ಬೌದ್ಧಪಕ್ಷವನ್ನು ಹಿಡಿದರೆ ಲೆಕ್ಕ ಸುಲಭ. ಹಾಡುಗಳ ಬೆಲೆಯನ್ನು ಕೂಡಿದರೆ ಬಂದದ್ದೇ ಒಟ್ಟಿನ ಬೆಲೆ, ಕೀಳಾದುದನ್ನು ಕಳೆದರೆ ಸರಾಸರಿ ಏರುತ್ತದೆ. ನ್ಯಾಯಪಕ್ಷವನ್ನು ಹಿಡಿದರೆ ತೊಡಕು. ಒಂದು ನೂಲನ್ನು ಎಳೆದುಹಾಕಿದ ಕ್ಷಣದಲ್ಲಿ ಮೊದಲಿನ ಬಟ್ಟೆಯು ನಾಶವಾಗಿ ಬೇರೊಂದು ಬಟ್ಟೆ ಹುಟ್ಟಿತೆಂದೇ ಅವರ ಸಿದ್ಧಾಂತವಾದುದರಿಂದ, 30 ಹಾಡುಗಳನ್ನು 14ಕ್ಕೆ ಇಳಿಸಿದವನು ‘ವೈಟ್ ಆಲ್ಬಮ್’ ಅನ್ನು ತಿದ್ದಿದವನಲ್ಲ, ಅದನ್ನು ಅಳಿಸಿ ಇನ್ನೊಂದನ್ನು ಮಾಡಿದವನು.

ಇಷ್ಟರಿಂದ ವ್ಯಾಜ್ಯವು ಇತ್ಯರ್ಥವಾಗದು. ಹೊಸದಾಗಿ ಹುಟ್ಟಿದ್ದು ಹಳೆಯದಕ್ಕಿಂತ ಉತ್ತಮವಾಗಿದ್ದರೆ ಅಳಿದುದಕ್ಕೆ ಶೋಕಿಸುವುದೇಕೆ ಎಂದು ಕತ್ತರಿಯವನು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಆದುದರಿಂದ ಭಾಗವು ಒಟ್ಟಿನಲ್ಲಿ ಹೇಗೆ ಇದೆಯೆಂಬುದಕ್ಕಿಂತ ಮುಂಚೆ, ಅದರಲ್ಲಿ ನಾವು ಕಂಡ ಕೊರತೆಯು ಯಾವ ಜಾತಿಯದೆಂಬುದನ್ನು ವಿಚಾರಿಸಬೇಕಾಗುತ್ತದೆ. ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ದೋಷಗಳನ್ನು ಎರಡಾಗಿ ವಿಂಗಡಿಸಿ, ವ್ಯುತ್ಪತ್ತಿಯ ಕೊರತೆಯಿಂದಾದ ದೋಷವನ್ನು ಕವಿಯ ಪ್ರತಿಭಾಶಕ್ತಿಯು ಮುಚ್ಚಿಬಿಡುವುದೆಂದೂ, ಶಕ್ತಿಯ ಅಭಾವದಿಂದಾದ ದೋಷವು ಕಣ್ಣಿಗೆ ಥಟ್ಟನೆ ಹೊಳೆದುಬಿಡುವುದೆಂದೂ ನಿರ್ಣಯಿಸಿದನು. ಈ ಅಳತೆಗೋಲನ್ನು ಹಿಡಿದು ಹೊರಟರೆ ರಿಂಗೋ ಸ್ಟಾರರ ಹಾಡುಗಳಿಗೆ ಉಳಿಗಾಲವಿಲ್ಲ. ಕಂಠಶಕ್ತಿಯ ಅಭಾವವು ಅಲ್ಲಿ ಮೊದಲ ಸಾಲಿನಲ್ಲಿಯೇ ಹೊಳೆಯುತ್ತದೆ. ಹಾಗಿದ್ದರೂ ಅವರ ಹಾಡುಗಳಲ್ಲಿ ಕೆಲವು ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. ಅಳತೆಗೋಲು ತಪ್ಪಿರಬೇಕು, ಇಲ್ಲವೇ ನಾವು ಅಳೆಯುತ್ತಿರುವ ವಸ್ತುವು ದೋಷವಲ್ಲದ ಬೇರೆ ಏನೋ ಆಗಿರಬೇಕು.

ಡ್ರಮ್ ವಾದಕನು ಹಾಡುವುದು ಶರೀರಕ್ಕೆ ಸುಲಭವಾದ ಕಾರ್ಯವಲ್ಲ. ಎರಡು ಕೈಗಳೂ ಎರಡು ಕಾಲುಗಳೂ ನಾಲ್ಕು ಬೇರೆ ಬೇರೆ ಗತಿಗಳನ್ನು ನಡೆಸುತ್ತಿರುವಾಗ ಐದನೆಯದಾಗಿ ಉಸಿರೂ ತನ್ನ ಸ್ವಂತ ದಾರಿಯಲ್ಲಿ ನಡೆಯಬೇಕು. ತೋಳಿನ ಪೆಟ್ಟಿಗೆ ಎದೆ ಅದುರಿದರೆ ಸ್ವರವೂ ಅದುರುತ್ತದೆ. ಅಮೆರಿಕದ ಈಗಲ್ಸ್ ಮೇಳದ ಡಾನ್ ಹೆನ್ಲಿ, ‘ದ ಬ್ಯಾಂಡ್’ನ ಲೆವನ್ ಹೆಲ್ಮ್ ಮೊದಲಾದವರು ಈ ಕಷ್ಟವನ್ನು ಗೆದ್ದು ಮುಖ್ಯ ಗಾಯಕರೆನಿಸಿಕೊಂಡರು. ಜೆನೆಸಿಸ್ ಮೇಳದಿಂದ ಪೀಟರ್ ಗೇಬ್ರಿಯಲ್ 1975ರಲ್ಲಿ ಹೊರನಡೆದ ಬಳಿಕ ಫಿಲ್ ಕಾಲಿನ್ಸ್ ಗಾಯಕರ ಸ್ಥಾನಕ್ಕೆ ಬಂದರಾದರೂ, ವೇದಿಕೆಯ ಮೇಲೆ ಮುಂದೆ ನಿಂತು ಹಾಡುವ ಹೊತ್ತಿನಲ್ಲಿ ಹಿಂದಿನ ಪೀಠವನ್ನು ಬೇರೊಬ್ಬ ವಾದಕರಿಗೆ ಬಿಟ್ಟುಕೊಡಬೇಕಾಯಿತು. ರಿಂಗೋ ಇವರ ಪಂಕ್ತಿಯವರಲ್ಲ. ಲಿವರ್‌ಪೂಲ್ ಪಟ್ಟಣದ ಬಡ ಕೇರಿಯಲ್ಲಿ 1940ರಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷಗಳನ್ನು ರೋಗಿಯಾಗಿ ಆಸ್ಪತ್ರೆಯಲ್ಲಿ ಕಳೆದು, ಅಲ್ಲಿಯೇ ರೋಗಿಗಳ ವಾದ್ಯಗೋಷ್ಠಿಯಲ್ಲಿ ಡ್ರಮ್ಮಿನ ರುಚಿಯನ್ನು ಕಂಡವರು ಅವರು. ಎಡಗೈಯವರಾದರೂ ಬಲಗೈಯವರಿಗಾಗಿ ಜೋಡಿಸಿದ ಡ್ರಮ್ಮುಗಳನ್ನೇ ಬಾರಿಸಿದುದರಿಂದ ಅವರ ಹೊರಳುಗಳಿಗೆ ಇನ್ನೊಬ್ಬರು ಅನುಕರಿಸಲಾಗದ ಒಂದು ವಕ್ರಗತಿಯು ಬಂದಿತು. ಏಕಾಂಗಿಯಾಗಿ ಮೆರೆಯುವ ಆಸೆ ಅವರಿಗಿರಲಿಲ್ಲ. ಬೀಟಲ್ಸರ ಇಡೀ ಮುದ್ರಿತ ಸಂಗೀತದಲ್ಲಿ ಅವರ ಸ್ವತಂತ್ರ ಡ್ರಮ್ ವಾದನವು 1969ರ ‘ದ ಎಂಡ್’ ಎಂಬ ಹಾಡೊಂದರಲ್ಲಿ ಮಾತ್ರ ಉಂಟು, ಅದಕ್ಕೂ ಅವರನ್ನು ಒಪ್ಪಿಸಬೇಕಾಯಿತು. ಇಂಥವರಿಗೆ ಆಲ್ಬಮ್ಮಿಗೊಂದರಂತೆ ಹಾಡನ್ನು ಕೊಡುವುದು ಮೇಳದಲ್ಲಿ ಬಹುಮಟ್ಟಿಗೆ ಒಂದು ಸಂಪ್ರದಾಯವಾಗಿತ್ತು.

ಸಂಪ್ರದಾಯವು ಹೇಗೆ ನಡೆಯುತ್ತಿತ್ತೆಂಬುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. 1967ರ ಮಾರ್ಚ್ ತಿಂಗಳ ಕೊನೆಯಲ್ಲಿ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಮ್ಮಿಗಾಗಿ ಮೇಳದವರೇ ಆದ ಲೆನನ್ ಮತ್ತು ಮೆಕಾರ್ಟ್ನಿ ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ ಎಂಬುದನ್ನು ರಿಂಗೋಗೆಂದೇ ಕಟ್ಟಿದರು. ಹಾಡಿನ ಧಾಟಿ ಬಹುತೇಕ ಐದು ಸ್ವರಗಳ ಒಳಗೆ, ಸೋಪಾನದ ಕೆಳಗಿನ ಮೆಟ್ಟಿಲುಗಳಲ್ಲಿಯೇ ಹತ್ತಿ ಇಳಿಯುತ್ತದೆ. ಆ ಕಂಠವು ಎಲ್ಲಿ ನಿರಾಯಾಸವಾಗಿ ಸಂಚರಿಸಬಲ್ಲುದೆಂಬುದನ್ನು ಗೆಳೆಯರು ಅಳೆದು ಹೊಲಿದ ಅಂಗಿಯದು. ಪದ್ಯದ ನಡುವೆ ಮಿಕ್ಕವರು ಪ್ರಶ್ನೆ ಕೇಳುತ್ತಾರೆ, ರಿಂಗೋ ಉತ್ತರ ಕೊಡುತ್ತಾರೆ. ಕೇಳುಗರು ಟೊಮೆಟೋ ಎಸೆಯುವ ಮಾತಿದ್ದ ಒಂದು ಸಾಲನ್ನು, ನಾಳೆ ವೇದಿಕೆಯ ಮೇಲೆ ನಿಜವಾಗಿಯೇ ಎಸೆದಾರೆಂಬ ಭಯದಿಂದ, ಅವರು ಹಾಡಲೊಪ್ಪದೆ ಬದಲಾಯಿಸಿಕೊಂಡರು. ಕೊನೆಗೆ ಒಂದೇ ಒಂದು ಸ್ವರವು ಮಾತ್ರ ಅವರ ಎಟುಕಿಗೆ ಮೀರಿ ತಾರಸ್ಥಾಯಿಗೆ ಏರಬೇಕಾಗಿತ್ತು. ರಾತ್ರಿಯೆಲ್ಲ ದುಡಿದು ದಣಿದಿದ್ದ ಹೊತ್ತಿನಲ್ಲಿ, ಮಿಕ್ಕ ಮೂವರೂ ಮೈಕಿನ ಬಳಿ ಅವರನ್ನು ಸುತ್ತುವರಿದು ನಿಂತು ಧೈರ್ಯ ಹೇಳುತ್ತಿರಲು, ಆ ಸ್ವರವನ್ನು ಅವರು ಮುಟ್ಟಿದರು. ಇಂದು ಹಾಡನ್ನು ಕೇಳುವಾಗ ಅಲ್ಲಿ ಆಯಾಸವೂ ಕೇಳಿಸುತ್ತದೆ, ಮುಟ್ಟಿದ ಸಂತೋಷವೂ ಕೇಳಿಸುತ್ತದೆ.

ಶಕ್ತಿಯ ಕೊರತೆಯು ಇಲ್ಲಿ ಮುಚ್ಚಿಹೋಗಿಲ್ಲ, ಥಟ್ಟನೆ ಹೊಳೆಯುತ್ತಲೇ ಇದೆ, ಆದರೂ ದೋಷವಾಗಿಲ್ಲ. ನಾನು ಇದಕ್ಕೆ ಮಿತಿಯೆನ್ನುತ್ತೇನೆ. ಮಿತಿಯೆಂಬುದು ಶಕ್ತಿಯ ಎಲ್ಲೆ. ದೋಷವೆಂಬುದು ಆ ಎಲ್ಲೆಯೊಳಗೆ ಮಾಡಬಹುದಾದುದನ್ನು ಮಾಡದೆ ಬಿಡುವುದು, ಅಥವಾ ಎಲ್ಲೆಯೇ ಇಲ್ಲವೆಂಬಂತೆ ನಟಿಸುವುದು. ಸ್ವಧರ್ಮವನ್ನು ತೊರೆದು ಪರಧರ್ಮವನ್ನು ಹಿಡಿಯಬಾರದೆಂಬ ಗೀತೆಯ ವಿಧಿಯನ್ನು ಎತ್ತಿ, ಡ್ರಮ್ ವಾದಕನ ಗಾನವನ್ನು ನಿಷೇಧಿಸಹೊರಟವರಿಗೂ ಇದೇ ಉತ್ತರ: ರಿಂಗೋ ಹಾಡುವಾಗಲೂ ವಾದಕರಾಗಿಯೇ ಹಾಡುತ್ತಾರೆ, ಅಲಂಕಾರಗಳನ್ನು ಬಿಟ್ಟು, ಅಕ್ಷರವನ್ನು ಪೆಟ್ಟಿನ ಮೇಲೆ ನೇರವಾಗಿ ಇಟ್ಟು, ಮುಂದೆ ಸಾಗುತ್ತಾರೆ. ಅವರು ತಮ್ಮ ಧರ್ಮವನ್ನು ಬಿಟ್ಟು ಬಂದವರಲ್ಲ, ಅದನ್ನೇ ಕಂಠಕ್ಕೂ ಹಬ್ಬಿಸಿದವರು.

ದೋಷವು ಯಾರದೆಂಬುದನ್ನು ಎರಡು ಪ್ರತ್ಯುದಾಹರಣೆಗಳು ಸ್ಪಷ್ಟಪಡಿಸುತ್ತವೆ. 1965ರಲ್ಲಿ ‘ಹೆಲ್ಪ್!’ ಆಲ್ಬಮ್ಮಿಗೆಂದು ಅದೇ ಲೆನನ್–ಮೆಕಾರ್ಟ್ನಿ ಜೋಡಿಯು ರಿಂಗೋಗಾಗಿ ‘ಇಫ್ ಯೂವ್ ಗಾಟ್ ಟ್ರಬಲ್’ ಎಂಬುದನ್ನು ಬರೆದುಕೊಟ್ಟಿತು. ಹಾಡನ್ನು ಮುದ್ರಿಸಿಯೂ ಮೇಳವು ಕೈಬಿಟ್ಟಿತು. 1996ರಲ್ಲಿ ‘ಆಂಥಾಲಜಿ 2’ರಲ್ಲಿ ಅದು ಬೆಳಕಿಗೆ ಬಂದಾಗ ಕೈಬಿಟ್ಟದ್ದು ಸರಿಯೆಂದೇ ಹೆಚ್ಚಿನವರು ತಲೆದೂಗಿದರು. ಗಾಯಕನು ಅವನೇ, ಕಂಠವೂ ಅದೇ. ಕೆಟ್ಟದ್ದು ಹಾಡು ಕಟ್ಟಿದವರ ಉಪೇಕ್ಷೆಯಿಂದ. ಇದಕ್ಕೆ ವಿಪರೀತವಾಗಿ 1969ರ ‘ಮ್ಯಾಕ್ಸ್‌ವೆಲ್ಸ್ ಸಿಲ್ವರ್ ಹ್ಯಾಮರ್’ ಎಂಬ ಹಾಡಿನಲ್ಲಿ ಮೆಕಾರ್ಟ್ನಿಯವರ ಸಮಸ್ತ ಸಾಮರ್ಥ್ಯವೂ, ಜತೆಯವರಿಗೆ ಬೇಸರ ತರುವಷ್ಟು ಪರಿಶ್ರಮವೂ ಸೇರಿವೆ. ಆದರೂ ದುರ್ಬಲ ಹಾಡುಗಳ ಪಟ್ಟಿಗಳಲ್ಲಿ ಅದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಶಕ್ತಿ ಹೆಚ್ಚಿದಲ್ಲಿ ದೋಷ ಇರಕೂಡದೆಂದಾಗಲಿ, ಶಕ್ತಿ ಕುಂದಿದಲ್ಲಿ ದೋಷ ಇದ್ದೇ ತೀರಬೇಕೆಂದಾಗಲಿ ನಿಯಮವಿಲ್ಲ.

‘ವೈಟ್ ಆಲ್ಬಮ್’ಗೆ ಮರಳೋಣ. ಅದರ ಹಾಡುಗಳಲ್ಲಿ ಬಹಳಷ್ಟು ಹುಟ್ಟಿದ್ದು ನಮ್ಮ ಹೃಷೀಕೇಶದಲ್ಲಿ, ಮಹರ್ಷಿ ಮಹೇಶಯೋಗಿಗಳ ಆಶ್ರಮದಲ್ಲಿ, 1968ರ ವಸಂತದ ಆರಂಭದಲ್ಲಿ. ಅಲ್ಲಿಯ ಆಹಾರ ಒಗ್ಗದೆ, ಮಕ್ಕಳ ನೆನಪೂ ಕಾಡಿ, ರಿಂಗೋ ಸುಮಾರು ಹತ್ತು ದಿನಗಳಲ್ಲಿಯೇ ಹಿಂದಿರುಗಿದರು. ಮಿಕ್ಕವರು ಧ್ಯಾನವನ್ನೂ ಗೀತರಚನೆಯನ್ನೂ ಮುಂದುವರಿಸಿದರು. ಲಂಡನ್ನಿನಲ್ಲಿ ಮುದ್ರಣ ನಡೆಯುತ್ತಿದ್ದಾಗ, ಆಗಸ್ಟ್ ತಿಂಗಳಿನಲ್ಲಿ, ತಾನು ಚೆನ್ನಾಗಿ ಬಾರಿಸುತ್ತಿಲ್ಲವೆಂದೂ ತಾನಿಲ್ಲಿ ಹೊರಗಿನವನೆಂದೂ ಭಾವಿಸಿ ಅವರು ಮೇಳವನ್ನೇ ತೊರೆದರು. ಆಶ್ರಮದ ಕುಟೀರದಿಂದ ಹೊರಬಾರದೆ ಧ್ಯಾನಿಸುತ್ತಿದ್ದ ತರುಣಿಯೊಬ್ಬಳನ್ನು ಕುರಿತ ‘ಡಿಯರ್ ಪ್ರೂಡೆನ್ಸ್’ ಹಾಡಿಗೆ ಆ ದಿನಗಳಲ್ಲಿ ಮೆಕಾರ್ಟ್ನಿಯವರೇ ಡ್ರಮ್ ಬಾರಿಸಿದರು. ಸೆಪ್ಟೆಂಬರಿನಲ್ಲಿ ರಿಂಗೋ ಮರಳಿ ಬಂದಾಗ ಡ್ರಮ್ಮುಗಳಿಗೆಲ್ಲ ಹೂವಿನ ಅಲಂಕಾರವಾಗಿತ್ತು. ಇನ್ನೊಬ್ಬರು ಬಾರಿಸಬಲ್ಲರೆಂಬುದು ಸಿದ್ಧವಾದ ಮೇಲೆ ಇಟ್ಟ ಹೂವುಗಳವು. ಆ ಸ್ಥಾನವು ಕೌಶಲದಿಂದ ಮಾತ್ರ ತುಂಬತಕ್ಕದ್ದಲ್ಲವೆಂದು ಮೂವರಿಗೂ ತಿಳಿದಿತ್ತು.

ಆಲ್ಬಮ್ಮಿನ ಕೊನೆಯ ಪುಟದಲ್ಲಿ, ಎಲ್ಲಕ್ಕಿಂತ ವಿವಾದಾಸ್ಪದವಾದ ‘ರೆವಲ್ಯೂಷನ್ 9’ ತನ್ನ ಗದ್ದಲವನ್ನು ಮುಗಿಸಿದೊಡನೆಯೇ ‘ಗುಡ್ ನೈಟ್’ ಎಂಬ ಜೋಗುಳವು ಆರಂಭವಾಗುತ್ತದೆ. ಲೆನನ್ ತಮ್ಮ ಐದು ವರ್ಷದ ಮಗ ಜೂಲಿಯನ್ನನಿಗಾಗಿ ಬರೆದ ಈ ಹಾಡನ್ನು ತಾವು ಹಾಡದೆ ರಿಂಗೋ ಕೈಗೆ ಕೊಟ್ಟರು. ಮಾರ್ಟಿನ್ ಅದಕ್ಕೆ ವಾದ್ಯವೃಂದವನ್ನು ಹೊಂದಿಸಿದರು. ನಾಲ್ವರಲ್ಲಿ ಅದರಲ್ಲಿ ಕೇಳಿಸುವವರು ರಿಂಗೋ ಒಬ್ಬರೇ. ನಯವಾದ ಕಂಠವು ಅದನ್ನು ಹಾಡಿದ್ದರೆ ಸಿಹಿ ಅತಿಯಾಗಿ ಬಾಯಿ ಕಟ್ಟುತ್ತಿತ್ತು; ಗಾಯಕರಲ್ಲದ ತಂದೆತಾಯಿಯರೇ ಲೋಕದಲ್ಲಿ ಜೋಗುಳ ಹಾಡುವವರಾದುದರಿಂದ, ಗಾಯಕನಲ್ಲದವನ ಕಂಠವೇ ಅದಕ್ಕೆ ಪ್ರಮಾಣವಾಯಿತು. ಎಂಟು ನಿಮಿಷಗಳ ಅಸ್ತವ್ಯಸ್ತತೆಯನ್ನು ಕಿತ್ತುಹಾಕಿ ಈ ಹಾಡನ್ನು ಬಿಡಿಯಾಗಿ ಕೇಳಿದರೆ ಅದರ ಶಾಂತಿಯು ಅಗ್ಗವಾಗಿ ತೋರುತ್ತದೆ. ಅವಯವಿಯೆಂಬುದು ಬೇರೆಯಾಗಿ ಉಂಟೆಂಬ ನೈಯಾಯಿಕರ ಮಾತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಡ.

ಆದರೆ ಈ ವಾದವನ್ನು ಅಂಕೆಯಿಲ್ಲದೆ ಹರಿಯಬಿಟ್ಟರೆ ಅದು ಅಪಾಯಕಾರಿ. ಒಟ್ಟು ಚೆನ್ನಾಗಿದ್ದರೆ ಭಾಗದ ಕೆಡುಕೆಲ್ಲ ಕ್ಷಮ್ಯವೆಂದು ಸಾಧಿಸುವ ಬುದ್ಧಿಯು ಆಲ್ಬಮ್ಮಿನಲ್ಲಿ ನಿಲ್ಲದು. ಲೋಕದ ದುಃಖವನ್ನೂ ಅದು ಇದೇ ರೀತಿಯಲ್ಲಿ ಸಮರ್ಥಿಸುತ್ತದೆ. 1710ರಲ್ಲಿ ಲೈಬ್ನಿಟ್ಸ್ ಎಂಬ ಜರ್ಮನ್ ತತ್ತ್ವಜ್ಞನು, ಸಾಧ್ಯವಾದ ಲೋಕಗಳಲ್ಲೆಲ್ಲ ಇದೇ ಉತ್ತಮವೆಂದೂ ಇಲ್ಲಿಯ ಕೇಡುಗಳು ಆ ಉತ್ತಮತ್ವಕ್ಕೆ ಅಂಗಗಳೆಂದೂ ಪ್ರತಿಪಾದಿಸಿದನು. ನಮ್ಮ ಬ್ರಹ್ಮಸೂತ್ರಕಾರರಾದರೋ ಈಶ್ವರನ ಮೇಲೆ ಬರುವ ಪಕ್ಷಪಾತ ಮತ್ತು ನಿರ್ದಯತೆಗಳೆಂಬ ಎರಡು ಆಕ್ಷೇಪಗಳನ್ನು ಬಚ್ಚಿಡದೆ ಎತ್ತಿಕೊಂಡು, ಜೀವರ ಕರ್ಮವನ್ನು ಮುಂದಿಟ್ಟು ಉತ್ತರಿಸಿದರು. ಹೊಣೆಯು ಯಾರದೆಂಬ ಪ್ರಶ್ನೆಯನ್ನು ಸಮಷ್ಟಿಯ ಸೌಂದರ್ಯದಲ್ಲಿ ಕರಗಿಸಿಬಿಡಲಿಲ್ಲ. ಅವರ ಉತ್ತರವು ಎಲ್ಲರನ್ನೂ ತೃಪ್ತಿಗೊಳಿಸದಿದ್ದರೂ ಪ್ರಶ್ನೆಯ ಮರ್ಯಾದೆ ಅಲ್ಲಿ ಉಳಿದಿದೆ. ಕುಂಟನೊಬ್ಬನು ಲೋಕದಲ್ಲಿ ಇರುವುದಕ್ಕೆ ಯಾರೂ ಸಮರ್ಥನೆ ಕೊಡಬೇಕಾಗಿಲ್ಲ. ಅವನನ್ನು ನೂಕಿದವನ ಕೃತ್ಯಕ್ಕೆ ಸಮಷ್ಟಿಯ ಯಾವ ಸೊಬಗೂ ಸಮರ್ಥನೆಯಾಗದು. ಮಿತಿಗೆ ಒಟ್ಟಿನಲ್ಲಿ ಸ್ಥಾನವುಂಟು, ದೋಷಕ್ಕೆ ಹೊಣೆಯುಂಟು. ಒಂದಕ್ಕೆ ಸಲ್ಲುವ ಮಾತನ್ನು ಇನ್ನೊಂದಕ್ಕೆ ಆಡಿದಾಗ ರಸವಿಮರ್ಶೆಯೂ ಕೆಡುತ್ತದೆ, ಧರ್ಮವಿಮರ್ಶೆಯೂ ಕೆಡುತ್ತದೆ.

ಸ್ಥಾನ, ಹೊಣೆಗಳ ಮಾತು ಇದಾಯಿತು; ಒಟ್ಟಿನ ಗಳಿಕೆಯಲ್ಲಿ ಭಾಗಕ್ಕೆ ಸಲ್ಲುವ ಫಲದ ಮಾತು ಮತ್ತೊಂದು. ಕ್ವೀನ್ ಮೇಳದವರು 1975ರ ಅಕ್ಟೋಬರಿನಲ್ಲಿ ಫ್ರೆಡಿ ಮರ್ಕ್ಯುರಿಯವರ ‘ಬೊಹೀಮಿಯನ್ ರಾಪ್ಸಡಿ’ಯನ್ನು ಬಿಡಿ ತಟ್ಟೆಯಾಗಿ ಹೊರತಂದಾಗ ಅದರ ಬೆನ್ನಿನ ಪುಟದಲ್ಲಿ ಡ್ರಮ್ ವಾದಕ ರಾಜರ್ ಟೇಲರ್ ಬರೆದು ಹಾಡಿದ ‘ಐಯಾಮ್ ಇನ್ ಲವ್ ವಿತ್ ಮೈ ಕಾರ್’ ಇತ್ತು. ಜನರು ಕೊಂಡದ್ದು ಮುಂದಿನ ಪುಟಕ್ಕಾಗಿ. ಆದರೆ ತಟ್ಟೆಯೊಂದು ಮಾರಾಟವಾದರೆ ಎರಡು ಪುಟಗಳ ಕರ್ತೃಗಳಿಗೂ ಗೌರವಧನವು ಸಮನಾಗಿ ಸಂದಿತು. ಇದು ಮೇಳದಲ್ಲಿ ಮನಸ್ತಾಪಕ್ಕೂ ಕಾರಣವಾಯಿತು. 1989ರ ‘ದ ಮಿರಕಲ್’ ಆಲ್ಬಮ್ಮಿನಿಂದ ಮುಂದಕ್ಕೆ ನಾಲ್ವರೂ ಎಲ್ಲ ಹಾಡುಗಳನ್ನೂ ಮೇಳದ ಹೆಸರಿನಲ್ಲಿಯೇ ಪ್ರಕಟಿಸತೊಡಗಿದರು. ಗುಣಕ್ಕೆ ತಕ್ಕ ಫಲವೆಂಬ ಲೆಕ್ಕಾಚಾರವು ಕೂಡಿ ಮಾಡಿದ ಕೆಲಸದಲ್ಲಿ ಬಹುಕಾಲ ನಿಲ್ಲದೆಂಬುದನ್ನು ಅವರು ಶಾಸ್ತ್ರವಿಚಾರವಿಲ್ಲದೆಯೇ ಕಂಡುಕೊಂಡರು.

ಇಷ್ಟು ವಿಚಾರಿಸಿದ ಮೇಲೆ ಕತ್ತರಿಯವರೊಡನೆ ನನ್ನ ವ್ಯವಹಾರವು ಸರಳವಾಗಿದೆ. ‘ವೈಲ್ಡ್ ಹನಿ ಪೈ’ ಮೆಕಾರ್ಟ್ನಿಯವರು ಒಬ್ಬರೇ ಕುಳಿತು ಮಾಡಿದ ಕ್ಷಣಿಕ ವಿನೋದ. ಅದಕ್ಕಿಂತ ನೂರು ಪಾಲು ಹೆಚ್ಚಿನದನ್ನು ಮಾಡಬಲ್ಲವರು ಅಷ್ಟಕ್ಕೇ ಬಿಟ್ಟದ್ದು ದೋಷವೇ. ಅದನ್ನು ತೆಗೆಯುವುದಾದರೆ ನಾನು ಅಡ್ಡ ಬರುವವನಲ್ಲ. ‘ಡೋಂಟ್ ಪಾಸ್ ಮಿ ಬೈ’ಯ ಮಾತು ಬೇರೆ. ಕೆಲವೇ ಸ್ವರಗುಚ್ಛಗಳ ಮೇಲೆ, ಒಂದು ಪಿಟೀಲಿನ ಕುಣಿತದ ಜತೆಯಲ್ಲಿ, ತನಗೆ ಬಂದಷ್ಟನ್ನು ಪೂರ್ತಿಯಾಗಿ ಕೊಟ್ಟವನ ಮೊದಲ ಸ್ವಂತ ರಚನೆಯದು. ಆ ಹಾಡು ಅದಕ್ಕಿಂತ ಮೇಲಕ್ಕೆ ಏರದಿರಬಹುದು, ಆದರೆ ಏರಬಹುದಾಗಿದ್ದ ಒಂದು ಮೆಟ್ಟಿಲನ್ನೂ ಅದು ಬಿಟ್ಟಿಲ್ಲ. ಅದನ್ನು ಕಿತ್ತವರ ಕೈಗೆ ನಾಲ್ವರ ಆಲ್ಬಮ್ ದೊರೆಯುವುದಿಲ್ಲ. ಮೂವರು ಪ್ರತಿಭಾವಂತರ ಉತ್ತಮ ಸಂಕಲನವೊಂದು ದೊರೆಯುತ್ತದೆ, ಮತ್ತು ಅದನ್ನು ಬೀಟಲ್ಸರದೆಂದು ಕರೆಯುವ ಅಧಿಕಾರ ಅವರಿಗೆ ಇರುವುದಿಲ್ಲ.