ತೂಬಿನ ಕೀಲಿ, ಕೆರೆಯ ಹೂಳು

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಡಿಟಿಪಿ ಅಂಗಡಿಯವರನ್ನು ಕೇಳಿದರೂ ಹಳೆಯ ಕಡತಗಳ ಕಷ್ಟ ಹೇಳಿಯಾರು. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೆರಳಚ್ಚಾದ ಸ್ಮರಣ ಸಂಚಿಕೆಯೋ ಊರಿನ ಇತಿಹಾಸವೋ ಅದೇ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಅಲ್ಲಿ ಉಳಿದಿರುವುದು ಕನ್ನಡದ ಅಕ್ಷರವಲ್ಲ, ಅಕ್ಷರದ ತುಣುಕುಗಳ ಚಿತ್ರ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನಿಂದ 'ನುಡಿ' ಬಂತು. ಕನ್ನಡಿಗರನ್ನು ಗಣಕದ ಮುಂದೆ ಕೂರಿಸಿದ್ದು ಇವೇ. ಆ ಋಣ ದೊಡ್ಡದು. ಆದರೆ ಉಚಿತ ಬೇರೆ, ಮುಕ್ತ ಬೇರೆ. ಬರಹವನ್ನು ಕಾಸಿಲ್ಲದೆ ಬಳಸಿದೆವು. ಅದರ ಮೂಲಸಂಕೇತ ಮಾತ್ರ ಮಾಡಿದವರ ಬಳಿಯೇ ಇತ್ತು. ಅವರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸುವಂತಿರಲಿಲ್ಲ.

ಹಾಗಾದರೆ ದುರಸ್ತಿಯ ಹೊಣೆ ಯಾರದು? ನನಗನ್ನಿಸುವುದು ಇಷ್ಟು: ತೂಬಿನ ಕೀಲಿಯನ್ನು ತನ್ನಲ್ಲೇ ಇಟ್ಟುಕೊಂಡವನು ಹೂಳೆತ್ತುವ ಹೊಣೆಯನ್ನೂ ಹೊತ್ತಂತೆ. ಬೇರೆಯವರ ಕೈ ಕಟ್ಟಿದ ಮೇಲೆ 'ನನಗೆ ಬಿಡುವಿಲ್ಲ' ಎಂಬ ಮಾತಿಗೆ ಬೆಲೆ ಕಡಿಮೆ. ಕೀಲಿಯನ್ನು ಊರಿಗೆ ಕೊಟ್ಟವನಿಗೆ ಆ ಋಣವಿಲ್ಲ. ಜಿಪಿಎಲ್‌ನಂಥ ಮುಕ್ತ ಪರವಾನಗಿ ಬದಲಿಸುವ, ಹಂಚುವ ಹಕ್ಕು ಕೊಟ್ಟು, ಯಾವ ಖಾತರಿಯೂ ಇಲ್ಲವೆಂದು ದಪ್ಪಕ್ಷರದಲ್ಲೇ ಹೇಳಿಬಿಡುತ್ತದೆ.

ಇಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ಊರಿನ ಕೈಗೆ ಕೀಲಿ ಬಂದ ಮಾತ್ರಕ್ಕೆ ಊರು ಕೆರೆಗಿಳಿಯುವುದಿಲ್ಲ. ಅಂತರಜಾಲದ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್‌ನ ಸಂಕೇತ ಜಗತ್ತಿಗೇ ತೆರೆದಿತ್ತು. 2012ರಲ್ಲಿ ಸೇರಿಕೊಂಡ ಹಾರ್ಟ್‌ಬ್ಲೀಡ್ ದೋಷ ಬಯಲಾದದ್ದು 2014ರಲ್ಲಿ. ದೊಡ್ಡ ದೊಡ್ಡ ಕಂಪನಿಗಳು ನೆಚ್ಚಿದ್ದ ಆ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ! ಪರವಾನಗಿ ದುರಸ್ತಿಗೆ ಅನುಮತಿ ಕೊಟ್ಟೀತು, ಆಳು ಕೊಡಲಾರದು.

ನಮ್ಮ ಹಳಬರಿಗೆ ಇದು ಗೊತ್ತಿತ್ತು. ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆಗಳನ್ನೂ ಹೇಳುತ್ತವೆ: ಕೆರೆಯ ಪಾಲನೆಗೆಂದೇ ಬಿಟ್ಟ ಭೂಮಿ. ಕೆರೆಯ ನೀರುಂಡ ಗದ್ದೆಯೇ ಕೆರೆಯ ಏರಿಯನ್ನು ಸಾಕಬೇಕು. (ಪಾಂಡವಪುರದ ತೊಣ್ಣೂರು ಕೆರೆ ನೋಡಲು ಹೋದವರು ನೀರನ್ನು ಹೊಗಳಿ ಬರುತ್ತಾರೆ, ಏರಿಯನ್ನು ನೋಡುವವರು ಕಡಿಮೆ.)

ಸಾರ್ವಜನಿಕರ ಹಣದಲ್ಲಿ ಕನ್ನಡದ ತಂತ್ರಾಂಶ ಮಾಡಿಸುವವರು ಮೂಲಸಂಕೇತ ಯಾರ ಕೈಯಲ್ಲಿರುತ್ತದೆ ಎಂದು ಕೇಳಲಿ. ಐದನೆಯ ವರ್ಷದ ರಿಪೇರಿಗೆ ಕೂಲಿ ಯಾವ ಬಾಬ್ತಿನಿಂದ ಎಂಬುದನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಲಿ. ಕೆ.ಆರ್. ಪೇಟೆಯ ಅಂಗಡಿಯವನ ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸಿಕೊಡುವ ಮುಕ್ತ ಪರಿವರ್ತಕಗಳನ್ನು ಸದ್ಯಕ್ಕೆ ಕೆಲವರು ಬಿಡುವಿನ ವೇಳೆಯಲ್ಲಿ ಬರೆದಿಟ್ಟಿದ್ದಾರೆ.