ಮೊಳ ಹಾಕುವ ಕೈ

ನಮ್ಮ ರಸ್ತೆಯ ತಿರುವಿನಲ್ಲಿ ಕೂರುವ ಹೂವಮ್ಮ ಮೊಳ ಹಾಕುವುದನ್ನು ನೋಡಬೇಕು. ಕಟ್ಟಿದ ಮಲ್ಲಿಗೆಯ ತುದಿಯನ್ನು ನಡುಬೆರಳಿಗೆ ಸಿಕ್ಕಿಸಿ ಮೊಣಕೈವರೆಗೆ ಎಳೆಯುತ್ತಾರೆ. ಮೇಲೆ ನಾಲ್ಕು ಬೆರಳು ಕೊಸರು. ಹೂ ತೋಳಿಗೆ ತಾಗದೆ ಆ ವ್ಯಾಪಾರದಲ್ಲಿ ಅಳತೆಯೇ ಇಲ್ಲ. ಕೆಲವು ವರ್ಷಗಳ ಹಿಂದೆ ಅವರ ಬೆರಳ ತುದಿಗಳು ಬೆಳ್ಳಗಾದವು. ಆಮೇಲೆ ಮಣಿಕಟ್ಟು, ತುಟಿಯಂಚು. ತೊನ್ನು.

ಗಿರಾಕಿಗಳು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಬ್ಬರ ಬುಟ್ಟಿಯ ಮುಂದೆ ನಿಂತರು. ಕೇಳಿದರೆ, 'ದೇವರಿಗೆ ಏರಿಸೋ ಹೂವಲ್ವಾ' ಎಂಬ ಸಬೂಬು. ನಾನು ಅಲ್ಲೇ ಕೊಳ್ಳುತ್ತಿದ್ದೆ. ಆದರೆ ದುಡ್ಡನ್ನು ಕೈಗೆ ಕೊಡದೆ ಹಲಗೆಯ ಮೇಲಿಡುವ ಅಭ್ಯಾಸ ನನಗೆ ಯಾವಾಗ ಅಂಟಿತೋ ತಿಳಿಯದು. ಅವರೂ ಚಿಲ್ಲರೆಯನ್ನು ಹಲಗೆಯ ಮೇಲೇ ಇಡತೊಡಗಿದ್ದರು.

ತೊನ್ನಿನಲ್ಲಿ ಹರಡುವ ಕ್ರಿಮಿಯೇ ಇಲ್ಲವೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಜೀವಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಗೆಯೆಂದು ಬಗೆದು ಕೊಲ್ಲುತ್ತದೆ. ಕೈಕುಲುಕಲಿ, ಒಂದೇ ತಟ್ಟೆಯಲ್ಲಿ ಉಣ್ಣಲಿ, ಒಂದೇ ಟವೆಲಿನಲ್ಲಿ ಮೈ ಒರೆಸಿಕೊಳ್ಳಲಿ, ಇನ್ನೊಬ್ಬರಿಗೆ ದಾಟಲು ಅಲ್ಲಿ ಏನೂ ಇಲ್ಲ. ಕೆಡಿಸಿದ್ದು ಹೆಸರು: ಬಿಳಿ ಕುಷ್ಠ. ಆಯುರ್ವೇದ ಇದಕ್ಕೆ ಶ್ವಿತ್ರ ಎಂಬ ಬೇರೆ ಹೆಸರಿಟ್ಟರೂ ಚರಕ ಸಂಹಿತೆಯಲ್ಲಿ ಇದು ಬರುವುದು ಕುಷ್ಠದ ಅಧ್ಯಾಯದಲ್ಲೇ. ಅಸಲು ಕುಷ್ಠವೂ ಮುಟ್ಟಿದ ಮಾತ್ರಕ್ಕೆ ಬರುವಂಥದಲ್ಲ. ಔಷಧ ಶುರುಮಾಡದ ರೋಗಿಯ ಮೂಗುಬಾಯಿಯ ತುಂತುರಿನ ಜೊತೆ ತಿಂಗಳುಗಟ್ಟಲೆ ಒಡನಾಟ ಬೇಕು.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುವ ರೋಗಗಳ ಚಿಕ್ಕ ಪಟ್ಟಿಯೊಂದಿದೆ. ಮೈ ಸೋಕುವುದು, ಜೊತೆಯಲ್ಲಿ ಉಣ್ಣುವುದು, ಒಂದೇ ಹಾಸಿಗೆ, ಒಂದೇ ಬಟ್ಟೆ ಎಂದು ದಾರಿಗಳನ್ನೂ ಹೇಳಿದೆ. ಆ ಪಟ್ಟಿಯಲ್ಲಿ ಕುಷ್ಠದ ಜೊತೆಗೇ ಕಣ್ಣುಬೇನೆಯೂ ಇದೆ. ಮೊದಲನೆಯದನ್ನು ನಾವು ಎಷ್ಟು ಗಟ್ಟಿಯಾಗಿ ನೆನಪಿಟ್ಟುಕೊಂಡೆವೆಂದರೆ ಪಾಪದ ತೊನ್ನನ್ನೂ ಅದರ ಬಾಲಕ್ಕೆ ಕಟ್ಟಿದೆವು. ಎರಡನೆಯದು ಮರೆತೇಹೋಯಿತು.

ಇಲ್ಲದಿದ್ದರೆ 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹಬ್ಬಿದಾಗ ಎಲ್ಲರೂ ಕೂಲಿಂಗ್ ಗ್ಲಾಸ್ ಕೊಳ್ಳಲು ಓಡುತ್ತಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಬರುತ್ತದಂತೆ! ನೋಟದಿಂದ ಯಾವ ವೈರಸ್ಸೂ ಹಾರುವುದಿಲ್ಲ. ಕಣ್ಣುಜ್ಜಿದ ಬೆರಳು, ಆ ಬೆರಳು ಹಿಡಿದ ಬಾಗಿಲ ಚಿಲಕ, ಬಸ್ಸಿನ ಕಂಬಿ, ಟವೆಲು, ಅಲ್ಲಿಂದ ಇನ್ನೊಬ್ಬರ ಬೆರಳು, ಅವರ ಕಣ್ಣು. ದಾರಿ ಇಷ್ಟೇ. ಕರಿ ಗಾಜು ಕೆಂಪನ್ನು ಮರೆಮಾಡುತ್ತದೆ, ಬೆರಳನ್ನಲ್ಲ.

ನನಗೂ ಕಣ್ಣು ಬಂತು. ಎರಡನೇ ದಿನ ಬೆಳಿಗ್ಗೆ ರೆಪ್ಪೆಗಳು ಪಿಸುರು ಕಟ್ಟಿ ಅಂಟಿಕೊಂಡಿದ್ದವು. ಶುಕ್ರವಾರ, ಮನೆಯಲ್ಲಿ ಹೂ ಬೇಕೇ ಬೇಕು. ಕನ್ನಡಕ ಏರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಗಾಜಿನ ಕೆಳಗೆ ಬೆರಳು ತೂರಿಸಿ ಉಜ್ಜಿಕೊಂಡದ್ದೇ ಉಜ್ಜಿಕೊಂಡದ್ದು. ಹೂವಮ್ಮ ಆಗಷ್ಟೇ ಒದ್ದೆ ಗೋಣಿತಾಟು ಬಿಚ್ಚುತ್ತಿದ್ದರು.

'ಕಣ್ಣು ಬಂದದಾ ಸಾರ್?'

ಹೂಂ ಎಂದೆ.

'ಕನ್ನಡ್ಕ ಹಾಕ್ಕೊಂಡಿದ್ದೀರಲ್ಲ, ಏನಾಗಲ್ಲ ಬಿಡಿ.'

ಎರಡು ಮೊಳ ಅಳೆದು ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ಅದೇ ಕೈಯಿಂದ ಐವತ್ತರ ನೋಟು ತೆಗೆದು ಎಂದಿನಂತೆ ಹಲಗೆಯ ಮೇಲಿಟ್ಟೆ. ಅವರಿಗೆ ಅದು ಆ ದಿನದ ಬೋಣಿ. ನಾನು ಏನಾದರೂ ಹೇಳುವಷ್ಟರಲ್ಲಿ ನೋಟನ್ನು ಎತ್ತಿಕೊಂಡು, ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಒತ್ತಿಕೊಂಡರು.