ಜಾಲೀಗಿಡದ ಕೆಳಗಿನವನಿಗೆ ಮೊದಲು ರೊಟ್ಟಿ



ಎಲೀಯನೆಂಬ ಮಹಾ ಪ್ರವಾದಿಯು ಜಾಲೀಗಿಡದ ಕೆಳಗೆ ಕುಳಿತು, ತನಗೆ ಮರಣವೇ ಬರಲೆಂದು ಬೇಡಿಕೊಂಡ ಸಂಗತಿಯನ್ನು ನೀವು ಬಲ್ಲಿರಿ. ಆಗ ದೇವದೂತನು ಬಂದು ಅವನನ್ನು ಗದರಿಸಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು; ತಿರಿಗಿ ಮಲಗಲು ಬಿಟ್ಟು, ಎರಡನೆಯ ಸಾರಿಯೂ ಕೊಟ್ಟನು.

ನಮ್ಮ ಪಟ್ಟನಾಯಕನಹಳ್ಳಿಯ ಸುತ್ತಲೂ ಜಾಲಿಗೆ ಕೊರತೆಯಿಲ್ಲ. ಅದರ ನೆರಳಿನಲ್ಲಿ ಕುಡಿದು ಬಿದ್ದಿರುವವರಿಗೂ ಕೊರತೆಯಿಲ್ಲ. ಅಂಥವನೊಬ್ಬನನ್ನು ನಾವು ಹಿಂದೊಮ್ಮೆ ಸಭೆಯ ಮುಂದೆ ನಿಲ್ಲಿಸಿ, ಇನ್ನು ಮುಟ್ಟೆನೆಂಬ ಮಾತನ್ನು ತೆಗೆದುಕೊಂಡು, ಮನೆಯೊಳಗೆ ಕೂಡಿಹಾಕಿದೆವು. ಮೂರನೆಯ ದಿನ ಅವನ ಕೈಕಾಲುಗಳು ನಡುಗಿದವು. ಗೋಡೆಯ ಮೇಲೆ ಹುಳಗಳು ಹರಿಯುತ್ತವೆಂದು ಕೂಗಿಕೊಂಡನು. ನಾವು ದೆವ್ವವೆಂದೆವು. ಅವನ ಹೆಂಡತಿಯು ನಮ್ಮ ಮಾತನ್ನು ಮೀರಿ ಆಸ್ಪತ್ರೆಗೆ ಒಯ್ದದ್ದರಿಂದಲೇ ಅವನ ಜೀವವುಳಿಯಿತು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳೊಳಗೆ ಇಂಥ ಭ್ರಮೆಯೂ ಮೂರ್ಛೆಯೂ ಬರಬಹುದೆಂದೂ, ಅದರಿಂದ ಸಾಯಲೂ ಬಹುದೆಂದೂ ವೈದ್ಯರು ನಮಗೆ ತಿಳಿಸಿದರು.

ಮತ್ತೊಂದು ಪಾಠವನ್ನೂ ಅಲ್ಲಿಯೇ ಕಲಿತೆವು. ಕಡಲೆಕಾಯಿ ಬೆಳೆಯು ಒಣಗಿದ ವರುಷದಿಂದ ಅವನಿಗೆ ನಿದ್ರೆಯಿರಲಿಲ್ಲ. ಯಾವ ಕೆಲಸದಲ್ಲಿಯೂ ಮನಸ್ಸಿರಲಿಲ್ಲ. ಅದು ಖಿನ್ನತೆಯೆಂಬ ರೋಗವು. ನಿದ್ರೆಗೋಸ್ಕರ ಕುಡಿದನು; ಕುಡಿತವು ನಿದ್ರೆಯನ್ನು ಕೆಡಿಸಿ ಮನಸ್ಸನ್ನು ಇನ್ನೂ ಕುಗ್ಗಿಸಿತು; ಆದಕಾರಣ ಮತ್ತಷ್ಟು ಕುಡಿದನು. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು! ಕೆಲವರಲ್ಲಿ ಮನೋರೋಗವು ಮೊದಲು, ಕೆಲವರಲ್ಲಿ ಕುಡಿತವು ಮೊದಲು; ಆದರೂ ಎರಡಕ್ಕೂ ಕೂಡಿಯೇ ಚಿಕಿತ್ಸೆಯಾಗಬೇಕು. 2007ನೆಯ ಇಸವಿ ಜುಲೈ 1ರಿಂದ ಸರಕಾರವು ನಮ್ಮ ರಾಜ್ಯದಲ್ಲಿ ಸಾರಾಯಿಯನ್ನು ನಿಲ್ಲಿಸಿತು. ಒಳಗಿನ ನೋವು ನಿಲ್ಲದವರೋ ಬೇರೆ ಬಾಟಲಿಯನ್ನು ಹುಡುಕಿಕೊಂಡರು.

ಆದದರಿಂದ ಪ್ರಿಯರೇ, ಕುಡಿಯುವವನ ಮಾತನ್ನು ತೆಗೆದುಕೊಳ್ಳುವದಕ್ಕೆ ಮುಂಚೆ ಅವನ ನಿದ್ರೆಯನ್ನೂ ದುಃಖವನ್ನೂ ವಿಚಾರಿಸಿರಿ. ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಅವನ ಜೊತೆಯಲ್ಲಿ ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನಿಗಳಿಗೆಂದೇ ಒಂದು ವಿಭಾಗವುಂಟು. 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಫೋನು ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಸಲಹೆ ದೊರೆಯುವದು, ಹಣ ಬೇಡ. ಸಾಯುವೆನೆಂದು ಹೇಳುವವನನ್ನು ಒಬ್ಬನೇ ಇರಗೊಡಬೇಡಿರಿ.

ಪ್ರಾರ್ಥನೆಯನ್ನು ಬಿಡಿರೆಂದು ನಾವು ಹೇಳುವದಿಲ್ಲ. ಎಲೀಯನು ದೇವರ ಮೆಲುದನಿಯನ್ನು ಬೆಟ್ಟದಲ್ಲಿ ಕೇಳಿದನು ನಿಜ. ಆದರೆ ಅಲ್ಲಿಯವರೆಗೆ ನಡೆದದ್ದು ಆ ರೊಟ್ಟಿಯ ಬಲದಿಂದಲ್ಲವೇ? ಆ ರೊಟ್ಟಿಯನ್ನು ಒಯ್ಯುವ ಕೆಲಸವು ನಮ್ಮದು.